ಸೀಲು ಒಡೆಯದ ಡಬ್ಬ

“ಇಂಥ ಹೆಬ್ಬೆಟ್ಟುಗಳಿಗೆ ನಾವು ಡಬ್ಬದ ಮೇಲೆ ಇನ್ನೇನು ಬರೆಸಬೇಕಿತ್ತು ಸಾರ್? ಗುಮ್ಮನ ಚಿತ್ರ ಬರೆಸಬೇಕಿತ್ತಾ?” ಎಂದು ಕಂಪನಿಯ ವಕೀಲ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೇಜಿನ ಆಚೆ ಕೂತಿದ್ದ ವಿಚಾರಣೆಯ ಅಧಿಕಾರಿ ಕನ್ನಡಕ ತೆಗೆದು ಒರೆಸುತ್ತ ನಕ್ಕ. ಹೇಳಿಕೆ ಟೈಪು ಮಾಡುತ್ತಿದ್ದವಳು ಕೀಲಿಗಳ ಮೇಲಿನ ಬೆರಳು ಎತ್ತದೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಜವಾನ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕ. ಅವನ ಭುಜ ಕುಣಿಯುವುದು ಕಾಣುತ್ತಿತ್ತು. ಅವರೆಲ್ಲ ಹಾಳಾಗಿಹೋಗಲಿ. ಗೋಡೆಗೆ ತಾಗಿದ ಬೆಂಚಿನಲ್ಲಿ, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದ ಅಕ್ಕನೂ ನಕ್ಕಳು. ಅವಳಿಗೆ ಮಾತು ಪೂರ್ತಿ ಕೇಳಿಸಿರಲಾರದು. ದೊಡ್ಡವರು ನಗುವಾಗ ತಾನೊಬ್ಬಳು ಮುಖ ಗಂಟಿಕ್ಕಿಕೊಂಡು ಕೂತರೆ ಚೆನ್ನಾಗಿರುವುದಿಲ್ಲ ಎಂದು ನಕ್ಕಿದ್ದಳು, ಮನೆ ಮಾಲೀಕ ಬಾಗಿಲಿಗೆ ಬಂದಾಗ ನಗುವ ಹಾಗೆ. ಮೇಜಿನ ಮುಂದೆ ಸಾಕ್ಷಿಯಾಗಿ ನಿಂತಿದ್ದ ತಮ್ಮ ಅದನ್ನು ನೋಡಿಬಿಟ್ಟ. ಅವನು ನೋಡಿದ್ದನ್ನು ಅಕ್ಕನೂ ನೋಡಿದಳು. ನಗು ಅಲ್ಲಿಗೇ ನಿಂತಿತು, ಆದರೆ ತುಟಿಗಳಿಗೆ ಮುಂದೇನು ಮಾಡಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೆಯೇ ತೆರೆದುಕೊಂಡಿದ್ದವು. ಭಾವ ಸತ್ತದ್ದಕ್ಕೆ ಯಾರು ಹೊಣೆ ಎಂದು ತೀರ್ಮಾನ ಮಾಡಲು ಸೇರಿದ್ದ ಕೋಣೆ ಅದು. ಸತ್ತವರ ಹೆಂಡತಿಯೂ ನಕ್ಕಾಗಿತ್ತು. ಇನ್ನೇನು ಉಳಿಯಿತು?

ಅವನ ಕೈಯಲ್ಲಿ ಡಬ್ಬ ಇತ್ತು. ಮರದ ಮೇಲಿನ ಹಳೇ ಬಣ್ಣ ಕೀಳುವ ರಿಮೂವರ್ ಡಬ್ಬ. ಕಂಪನಿಯವರು ಇವತ್ತಿಗೆಂದೇ ತಂದದ್ದು, ಸೀಲು ಒಡೆಯದ್ದು, ಮದುವೆ ಗಂಡಿನ ಬೂಟಿನಂತೆ ಮಿರಮಿರ ಮಿಂಚುತ್ತಿದ್ದದ್ದು. ಮುಂದುಗಡೆ ಅಂಗೈಯಗಲದ ಕೆಂಪು ಅಕ್ಷರದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಅರ್ಧ ಹಳತು ಅರ್ಧ ಹೊಸತಾದ ಬಾಗಿಲಿನ ಚಿತ್ರ, ಬಾಗಿಲಿಗೆ ಒರಗಿ ನಿಂತು ಹಲ್ಲು ಕಿರಿಯುತ್ತಿರುವ ಒಬ್ಬ ಬಿಳೀ ಅಂಗಿಯವನು. ಬಿಳೀ ಅಂಗಿ ಹಾಕಿಕೊಂಡು ಬಣ್ಣ ಕೀಳುವವನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹಿಂದುಗಡೆ, ಹಿಡಿಯ ಕೆಳಗೆ, ತಗಡಿನ ಎರಡು ಅಂಚು ಸೇರುವ ಕಡೆ, ಇನ್ನೆಲ್ಲೂ ಜಾಗ ಸಿಗದೆ ಬಂದು ಕೂತ ಹಾಗೆ ಸಣ್ಣ ಅಕ್ಷರಗಳು. ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಯ್ಯ ಎಂದಿದ್ದ ವಕೀಲ. ಓದಿದ್ದ. ‘ಎಚ್ಚರಿಕೆ’ ಎನ್ನುವುದನ್ನು ಸರಿಯಾಗಿಯೇ ಓದಿದ್ದ. ‘ಗಾಳಿಯಾಡುವ ಸ್ಥಳದಲ್ಲಿ ಮಾತ್ರ ಬಳಸತಕ್ಕದ್ದು’ ಎನ್ನುವುದನ್ನೂ ಓದಿದ್ದ. ಆಮೇಲೆ ರಾಸಾಯನಿಕದ ಹೆಸರು ಬಂತು, ನಡುವೆ ಎಲ್ಲೂ ಉಸಿರು ಬಿಡಲು ಜಾಗ ಕೊಡದ ಹೆಸರು. ‘ಡೈ... ಡೈಕ್ಲೋ... ಡೈಕ್ಲೋರೋ...’ ಎಂದು ನಿಂತ. ನಿಂತ ಕೂಡಲೇ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾದ ಮೇಲೆ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ, ಅದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ಓದು ಅನ್ನುತ್ತಿದ್ದರು. ಕೂತರೆ ಬರುವ ಪಾಠ ನಿಂತರೆ ಬರುತ್ತಿರಲಿಲ್ಲ. ಒಂದು ದಿನ ಪುಸ್ತಕವನ್ನು ಕಿಟಕಿಯಿಂದ ಆಚೆ ಎಸೆದು ಅದರ ಹಿಂದೆಯೇ ತಾನೂ ಹಾರಿಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈ ಕೋಣೆಯಲ್ಲಿಯೂ ಕಿಟಕಿ ಇತ್ತು. ಮುಚ್ಚಿತ್ತು. ಮೇಲೆಲ್ಲೋ ಎ.ಸಿ. ಗೊರಗೊರ ಅನ್ನುತ್ತಿತ್ತು. “ಹೋಗ್ಲಿ ಬಿಡಯ್ಯ, ಆ ಹೆಸರು ಬಿಡು,” ಎಂದು ವಕೀಲ ಕೈಯಾಡಿಸಿದ. ಅವನಿಗೂ ಆ ಹೆಸರು ಹೇಳಲು ಬರುತ್ತಿರಲಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಅಧಿಕಾರಿಯ ಕಡೆ ತಿರುಗಿ, ಹೆಬ್ಬೆಟ್ಟು ಅಂದ.

ಒಳಗೆ ಬರುವಾಗ ಬಾಗಿಲಲ್ಲಿ ಸಹಿ ಹಾಕಿಯೇ ಬಂದಿದ್ದ. ಅದನ್ನು ಹೇಳಬೇಕು ಅನ್ನಿಸಿತು. ಹೇಳಿದರೆ ಇನ್ನೂ ನಗುತ್ತಾರೆ ಅನ್ನಿಸಿತು. ‘ಲೋ ಬೆಂಕಿಪೊಟ್ಟಣ, ಗೀರಬೇಡ್ವೋ, ಗೀರಿದ್ರೆ ಮೊದಲು ಉರಿಯೋನು ನೀನೇ,’ ಎಂದು ಭಾವ ಅನ್ನುತ್ತಿದ್ದರು. ಆ ಹೆಸರು ಇಟ್ಟವರೂ ಅವರೇ. ಶಾಲೆ ಬಿಟ್ಟು ಬೀದಿ ಅಳೆಯುತ್ತಿದ್ದವನನ್ನು ಕರೆದುಕೊಂಡು ಹೋಗಿ ಕೈಗೆ ಮರ ಉಜ್ಜುವ ಉಪ್ಪುಕಾಗದ ಕೊಟ್ಟು, ‘ಇದನ್ನೂ ಓದ್ಬೇಕು ಕಣೋ, ಆದ್ರೆ ಬೆರಳಲ್ಲಿ,’ ಎಂದಿದ್ದರು. ಭಾವನಿಗೆ ಓದು ಅಷ್ಟಕ್ಕಷ್ಟೆ. ಆದರೆ ಕೇಳುವ ಆಸೆ ಬಹಳ. ಕೆಲಸದ ಮನೆಗಳಲ್ಲಿ ನೆಲ ಕೆಡಬಾರದೆಂದು ಹಳೇ ಪೇಪರು ಹಾಸುತ್ತಾರಲ್ಲ, ಬಿಡುವಿನಲ್ಲಿ ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಅವನು ಸುದ್ದಿ ಓದಿಹೇಳಬೇಕು. ಯಾವುದೋ ಊರಲ್ಲಿ ಗಂಡ ಹೆಂಡತಿಯನ್ನು ಬಿಟ್ಟು ಓಡಿಹೋದದ್ದು, ಹೆಂಡತಿ ಬೆನ್ನಟ್ಟಿ ಹಿಡಿದದ್ದು. ‘ಆಮೇಲೇನಾಯ್ತಂತೆ?’ ‘ಅಷ್ಟೇ ಭಾವ, ಮಿಕ್ಕಿದ್ದು ಬಣ್ಣದಡಿ ಹೋಯ್ತು.’ ‘ಥೂ ನಿನ್ನ, ಬಣ್ಣ ಚೆಲ್ಲೋಕೆ ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?’ ಆ ಹೆಂಡತಿ ಗಂಡನನ್ನು ಹಿಡಿದು ಏನು ಮಾಡಿದಳೆಂದು ಇಡೀ ದಿನ ಇಬ್ಬರೂ ಕಥೆ ಕಟ್ಟಿದ್ದರು. ನೆಲದ ಮೇಲಿನ ಅಕ್ಷರವನ್ನೆಲ್ಲ ಓದಿಸಿಕೊಂಡ ಮನುಷ್ಯ. ಕೈಯಲ್ಲಿದ್ದ ಡಬ್ಬದ ಮೇಲೆ ಅಕ್ಷರ ಇದ್ದಿದ್ದರೆ ಬಿಡುತ್ತಿದ್ದರೇ?

“ಪ್ರಶ್ನೆ ಅವರಿಗೆ ಓದೋಕೆ ಬರುತ್ತಾ ಅನ್ನೋದಲ್ಲ ಸಾರ್,” ಎಂದು ಅಕ್ಕನ ಕಡೆಯ ವಕೀಲಮ್ಮ ಎದ್ದರು. “ಓದೋಕೆ ಏನಾದ್ರೂ ಉಳಿದಿತ್ತಾ ಅನ್ನೋದು.” ವಕೀಲಮ್ಮನ ಧ್ವನಿ ಕಟ್ಟಿತ್ತು, ಶೀತವಾಗಿತ್ತು. ಫೀಸಿಲ್ಲದೆ ಬಂದವರು, ಈ ಕೇಸಿನ ನಂತರ ಕೆಳಗಿನ ಮಹಡಿಯಲ್ಲಿ ಇನ್ನೊಂದು ಕೇಸಿಗೆ ಓಡಬೇಕಿತ್ತು, ಗಳಿಗೆಗೊಮ್ಮೆ ಗೋಡೆ ಗಡಿಯಾರ ನೋಡುತ್ತಿದ್ದರು. ಬೆಳಿಗ್ಗೆ ಕಾರಿಡಾರಿನ ಬೆಂಚಿನಲ್ಲಿ ಕೂರಿಸಿಕೊಂಡು ಇಬ್ಬರಿಗೂ ತಿಳಿಯುವಂತೆ ಹೇಳಿದ್ದರು: ವಿಷದ ಸಾಮಾನು ಮಾಡಿ ಮಾರುವವನಿಗೆ ಅದರ ಅಪಾಯ ಗೊತ್ತಿದ್ದರೆ, ಬಳಸುವವನಿಗೆ ಅದನ್ನು ಹೇಳುವುದು ಅವನ ಹೊಣೆ. ಸುಮ್ಮನೆ ಹೇಳಿದರೆ ಸಾಲದು, ತಲುಪುವ ಹಾಗೆ ಹೇಳಬೇಕು. ಕಾನೂನು ಇಷ್ಟೇ. ‘ನಾವು ಹೇಳಿದ್ದೀವಿ ಅಂತ ಅವರು. ನಮಗೆ ತಲುಪ್ಲಿಲ್ಲ ಅಂತ ನಾವು. ಅವರದು ಸರಿ ಅಂತ ಆದ್ರೆ, ಸ್ವಂತ ಅಜಾಗರೂಕತೆಯಿಂದ ಸತ್ತರು ಅಂತ ಬರೀತಾರೆ.’ ಅಕ್ಕ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿಸಿಕೊಂಡಳು. ‘ಅಂದ್ರೆ ದಡ್ಡರಾಗಿ ಸತ್ರು ಅಂತ,’ ಎಂದಳು. ‘ಪರಿಹಾರ ಬಂದ್ರೆ ಬರ್ಲಿ ಬಿಟ್ರೆ ಬಿಡ್ಲಿ ಮೇಡಂ. ಅದೊಂದನ್ನ ಬರೆಯೋಕೆ ಬಿಡ್ಬೇಡಿ. ಮಗಳು ದೊಡ್ಡವಳಾಗಿ ಅದನ್ನ ಓದ್ತಾಳೆ. ಅವರ ಕೈಕೆಳಗೆ ಕೆಲಸ ಕಲಿತೋರು ಊರ ತುಂಬ ಇದ್ದಾರೆ.’ ಆಮೇಲೆ ತಮ್ಮನ ಕಡೆ ತಿರುಗಿ, ‘ನೀನು ಸಿಟ್ಟು ಮಾಡ್ಕೊಳ್ಳದೆ ಹೇಳು, ಆಯ್ತಾ?’ ಎಂದಿದ್ದಳು. ಸಿಟ್ಟು ಮಾಡಿಕೊಳ್ಳದೆಯೇ ಹೇಳಬೇಕೆಂದು ಅವನೂ ಅಂದುಕೊಂಡಿದ್ದ. ಮಾತುಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟುಕೊಂಡು ಬಂದಿದ್ದ.

“ಸಾರ್, ಅದು ಉಳಿಯಲ್ಲ,” ಎಂದ. “ಏನು ಉಳಿಯಲ್ಲ?” “ಈ ಬರಹ ಸಾರ್. ಇದು ಬಣ್ಣ ಕೀಳೋ ಔಷಧಿ ಅಲ್ವಾ? ಇದರ ಮೇಲಿರೋದೂ ಬಣ್ಣಾನೇ ಅಲ್ವಾ?” ಅಧಿಕಾರಿ ಕನ್ನಡಕ ಹಾಕಿಕೊಂಡ. ಅಷ್ಟಕ್ಕೇ ಅವನಿಗೆ ಧೈರ್ಯ ಬಂದು ಗಡಿಬಿಡಿಯಲ್ಲಿ ಹೇಳತೊಡಗಿದ. ಬ್ರಷ್ಷು ಅದ್ದುತ್ತಾರೆ, ಅದ್ದಿದ ಮೇಲೆ ಹನಿ ಸೋರಬಾರದೆಂದು ಡಬ್ಬದ ಬಾಯಿಗೆ ಒರೆಸುತ್ತಾರೆ, ಒರೆಸಿದ್ದು ಡಬ್ಬದ ಮೈ ಮೇಲೆ ಇಳಿಯುತ್ತದೆ. ಮೊದಲನೇ ಬಾಗಿಲು ಮುಗಿಯುವಷ್ಟರಲ್ಲಿ ಆ ಬಿಳೀ ಅಂಗಿಯವನ ಮುಖ ಉಬ್ಬಿಕೊಳ್ಳುತ್ತದೆ, ಸುಟ್ಟ ಚರ್ಮದ ಹಾಗೆ ಸುಕ್ಕುಗಟ್ಟುತ್ತದೆ, ಹಿಡಿಯುವಾಗ ಕೈಗೆ ಅಂಟುತ್ತದೆಂದು ಬಟ್ಟೆಯಲ್ಲಿ ಒಂದು ಸಲ ಎಳೆದರೆ ಅವನು, ಬಾಗಿಲು, ಕೆಂಪು ಹೆಸರು, ಎಚ್ಚರಿಕೆ ಎಲ್ಲ ಬಟ್ಟೆಗೆ ಬಂದುಬಿಡುತ್ತವೆ. ಉಳಿಯುವುದು ಬರೀ ತಗಡು. ಸಾಮಾನಿನ ಕೋಣೆಯಲ್ಲಿ ಹತ್ತಾರು ಡಬ್ಬ ಇರುತ್ತವೆ. ಮುಖ ಇರುವುದು ಥಿನ್ನರು, ಮುಖ ಇಲ್ಲದ್ದು ರಿಮೂವರು, ಹಾಗೆಯೇ ಎಲ್ಲರೂ ಗುರುತು ಹಿಡಿಯುವುದು. ಕೆಲಸ ಹಿಡಿಯುವ ಮಾಲೀಕ ದೊಡ್ಡ ಅಂಗಡಿಯಿಂದ ತರುತ್ತಾನೆ, ಬೇರೆ ಕಡೆ ಕೆಲಸ ಶುರು ಮಾಡಿಸಿ ಅಲ್ಲಿ ಅರ್ಧ ಉಳಿದ ಡಬ್ಬ ಕೈಗೆ ಕೊಡುತ್ತಾನೆ. ಭಾವನ ಕೈಗೆ ಬಂದ ಡಬ್ಬಗಳಿಗೆ ಯಾವತ್ತೂ ಮುಖ ಇರಲಿಲ್ಲ. ಇಷ್ಟನ್ನೂ ಹೇಳಿದನೋ, ಅರ್ಧ ಹೇಳಿ ಅರ್ಧ ಮನಸ್ಸಿನಲ್ಲೇ ಅಂದುಕೊಂಡನೋ, ಅವನಿಗೆ ಆಮೇಲೆ ನೆನಪಾಗಲಿಲ್ಲ. ಟೈಪು ಮಾಡುವವಳ ಬೆರಳು ಒಂದೆರಡು ಸಲ ಟಕಟಕ ಅಂದು ನಿಂತದ್ದು ಮಾತ್ರ ನೆನಪಿತ್ತು.

“ಅಕ್ಕ, ತೋರಿಸು,” ಎಂದ. ಅಕ್ಕ ಎದ್ದು ಬಂದು ಚೀಲದಿಂದ ಡಬ್ಬ ತೆಗೆದು ಮೇಜಿನ ಮೇಲೆ, ಹೊಸ ಡಬ್ಬದ ಪಕ್ಕದಲ್ಲಿ ಇಟ್ಟಳು. ಭಾವನ ಪಕ್ಕ ಸಿಕ್ಕಿದ್ದ ಡಬ್ಬ. ತಳದಲ್ಲಿ ಒಣಗಿದ ಬಣ್ಣದ ಚಕ್ಕೆ, ಬಾಯಿಯ ಹತ್ತಿರ ಬ್ರಷ್ಷು ಒರೆಸಿ ಒರೆಸಿ ಆದ ಸವಕಲು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೀ ತಗಡು. ನೋಡುವವರ ಮುಖವೇ ಅದರಲ್ಲಿ ಅಡ್ಡಾದಿಡ್ಡಿ ಕಾಣುತ್ತಿತ್ತು. ಕಂಪನಿಯ ವಕೀಲ ಅದನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ, ಮೇಲೆ ಕೆಳಗೆ ನೋಡಿ, ಮೆತ್ತಗೆ ಇಟ್ಟ. “ಇದು ನಮ್ಮ ಡಬ್ಬ ಅಂತ ಹೇಗೆ ಹೇಳ್ತೀಯಪ್ಪ?” ಎಂದ. ಈಗ ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ, ಮಗುವಿಗೆ ಕೇಳುವ ಹಾಗೆ ಕೇಳಿದ. “ಹೆಸರೆಲ್ಲಿದೆ? ಗುರುತೆಲ್ಲಿದೆ? ಎಣ್ಣೆ ಡಬ್ಬ ಇರಬಹುದು, ಬಿಸ್ಕತ್ ಡಬ್ಬ ಇರಬಹುದು. ಇನ್ಯಾವನೋ ಕಳಪೆ ಮಾಲು ಮಾಡೋನ ಡಬ್ಬ ಇರಬಹುದು.” ಅವನು ಬಾಯಿ ತೆರೆದ. ಹೆಸರು ಇದ್ದಿದ್ದರೆ ಎಚ್ಚರಿಕೆಯೂ ಇರುತ್ತಿತ್ತು. ಎಚ್ಚರಿಕೆ ಹೋದದ್ದರಿಂದಲೇ ಭಾವ ಹೋದದ್ದು, ಎಚ್ಚರಿಕೆ ಹೋದ ದಾರಿಯಲ್ಲೇ ಹೆಸರೂ ಹೋದದ್ದು. ಕೊಂದವನ ಮುಖವನ್ನು ಕೊಂದ ವಿಷವೇ ಒರೆಸಿ ಇಟ್ಟಿತ್ತು. ಅದು ಅವನಿಗೆ ಬೆಳಕಿನಷ್ಟು ಚೆನ್ನಾಗಿ ಕಂಡಿತು, ಆದರೆ ಬಾಯಿಂದ ಬಂದದ್ದು “ಇದೇ ಸಾರ್, ಇದೇ ಡಬ್ಬ, ನಾನೇ ನೋಡಿದ್ದೀನಿ” ಎನ್ನುವುದಷ್ಟೇ. “ಏನು ನೋಡಿದ್ದೀಯ?” ಎಂದ ವಕೀಲ. “ಅದರ ಮುಖ ಯಾವತ್ತೂ ನೋಡಿಲ್ಲ ಅಂತ ನೀನೇ ಹೇಳಿದೆಯಲ್ಲ.”

ಏನು ನೋಡಿದ್ದ? ಗೋಡೆಯೊಳಗೇ ಕಟ್ಟಿದ ಬೀರು, ಒಂದು ಹಳೇ ಮನೆಯದು, ಸೂರಿನವರೆಗೂ ಎತ್ತರ, ಕೆಳಗಿನ ಖಾನೆಯಲ್ಲಿ ಮನುಷ್ಯ ಮಂಡಿ ಮಡಿಸಿ ಕೂರಬಹುದಾದಷ್ಟು ಜಾಗ. ಮಾಡಿದವರು ಯಾರೋ, ಪದರದ ಮೇಲೆ ಪದರ ಹಸಿರು ಬಳಿದಿದ್ದರು. ಭಾವನಿಗೆ ಏಣಿ ಹತ್ತಲು ಮಂಡಿನೋವು. ‘ನೀನು ಮೇಲೆ ನೋಡ್ಕೋ, ನಾನು ಕೆಳಗೆ,’ ಎಂದರು. ಕಿಟಕಿ ಮುಚ್ಚು ಎಂದರು. ಫ್ಯಾನು ಆರಿಸು ಎಂದರು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಗೋಣಿಚೀಲ ತುರುಕು ಎಂದರು. ಪ್ರತಿ ಕೆಲಸಕ್ಕೂ ಹೇಳುವ ಮಾತೇ ಅದು, ಹೇಳದಿದ್ದರೂ ಅವನು ಮಾಡುತ್ತಿದ್ದ. ಗಾಳಿ ತಾಗಿದರೆ ರಿಮೂವರು ಬಣ್ಣದೊಳಕ್ಕೆ ಇಳಿಯುವ ಮೊದಲೇ ಹಾರಿಹೋಗುತ್ತದೆ, ಮೇಲೆ ಹಕ್ಕಳೆಯ ಹಾಗೆ ಒಣಗಿ ಕೂರುತ್ತದೆ, ಮತ್ತೆ ಹಚ್ಚಬೇಕು, ಮತ್ತೆ ಹಾರುತ್ತದೆ. ಒಳ್ಳೇ ಕೆಲಸಗಾರ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಭಾವನಿಗೆ ಇದನ್ನು ಅವರ ಉಸ್ತಾದ್ ಹೇಳಿಕೊಟ್ಟದ್ದು, ಉಸ್ತಾದನಿಗೆ ಯಾರೋ. ಒಂದು ಡಬ್ಬದಲ್ಲಿ ಬೇರೆಯವರಿಗಿಂತ ಎರಡರಷ್ಟು ಮರ ಸುಲಿಯುತ್ತಾರೆ ಎಂದು ಭಾವನಿಗೆ ಹೆಸರಿದ್ದದ್ದೇ ಇದರಿಂದ. ಅಂದರೆ ಕೆಲಸ ಚೆನ್ನಾಗಿ ಬಲ್ಲವನು ಬೇಗ ಸಾಯಬೇಕು, ಬಾರದವನು ಕಿಟಕಿ ತೆರೆದಿಟ್ಟುಕೊಂಡು ಬದುಕಬೇಕು. ಇದನ್ನು ಯಾರಿಗೆ ಹೇಳುವುದು? ‘ನೀನು ಮೇಲಿಂದ ಇಳಿದು ಬರೋಷ್ಟರಲ್ಲಿ ನಾನು ಕೆಳಗಿನದು ಮುಗಿಸಿ ಒಂದು ನಿದ್ದೆ ತೆಗೆದಿರ್ತೀನಿ ನೋಡ್ತಿರು,’ ಎಂದು ಬೀರಿನೊಳಗಿಂದ ಭಾವನ ಮಾತು. ‘ತೆಗೀರಿ ತೆಗೀರಿ, ಗೊರಕೆ ಮಾತ್ರ ಹೊಡೀಬೇಡಿ.’ ಮೇಲೆ ಅವನು ಬಣ್ಣ ಕೆರೆಯುವ ಪಟ್ಟಿಯ ಕರಕರ, ಕೆಳಗೆ ಭಾವನ ಪಟ್ಟಿಯ ಕರಕರ. ವಾಸನೆ ಮೊದಮೊದಲು ಮೂಗಿಗೆ ಹತ್ತಿತ್ತು, ಸಿಹಿಯಾದದ್ದು, ಆಮೇಲೆ ಇಲ್ಲವಾಯಿತು. ಆಮೇಲೆ ಒಂದು ಹೊತ್ತಿನಲ್ಲಿ ಕೆಳಗಿನ ಕರಕರ ನಿಂತಿತು. ಮುಗಿಸಿಬಿಟ್ಟರು ಅಂದುಕೊಂಡ. ಮತ್ತೆ ಸೋತೆ ಅಂದುಕೊಂಡ. ಸಿಟ್ಟು ಬಂತು. ಇಳಿದ ಕೂಡಲೇ ಆಡಿಕೊಳ್ಳುತ್ತಾರೆ, ಸಂಜೆ ಅಕ್ಕನ ಎದುರಿಗೂ ಆಡಿಕೊಳ್ಳುತ್ತಾರೆ ಎಂದು ಹಲ್ಲು ಕಚ್ಚಿ ಇನ್ನೂ ಜೋರಾಗಿ ಉಜ್ಜಿದ. ಮೇಲಿನ ಹಲಗೆಯನ್ನೆಲ್ಲ ಬಿಳಿಯ ಮರ ಕಾಣುವವರೆಗೆ ಉಜ್ಜಿ, ಬೇಕೆಂತಲೇ ಇನ್ನೊಮ್ಮೆ ಉಜ್ಜಿ, ಆಮೇಲೆ ಇಳಿದ. ಇಳಿಯುವಾಗ ತನ್ನ ಕಾಲೇ ತನ್ನದಲ್ಲ ಅನ್ನಿಸಿತು. ಭಾವ ಬೀರಿನ ಒಳಗೋಡೆಗೆ ಹಣೆ ಆನಿಸಿಕೊಂಡು ಕೂತಿದ್ದರು, ಪಟ್ಟಿ ಕೈಯಲ್ಲೇ ಇತ್ತು, ತುಟಿ ಒಂಚೂರು ತೆರೆದಿತ್ತು, ಇನ್ನೇನು ‘ನೋಡ್ದ್ಯಾ?’ ಅನ್ನುವ ಹಾಗೆ. ಮೂಲೆಯಲ್ಲಿ ಒಂದು ಗೇಣು ಹಸಿರು ಉಳಿದಿತ್ತು. ಮುಗಿಸಿರಲಿಲ್ಲ. ಆ ದಿನ ಗೆದ್ದವನು ಅವನೇ.

“ಮಾತಾಡಯ್ಯ,” ಎಂದ ಅಧಿಕಾರಿ.

ಮೇಜಿನ ಮೇಲೆ ಎರಡು ಡಬ್ಬಗಳು ಅಕ್ಕಪಕ್ಕ ಇದ್ದವು. ಒಂದಕ್ಕೆ ಮುಖ, ಒಂದಕ್ಕೆ ಇಲ್ಲ. ಎಷ್ಟು ಸುಲಭ ಅನ್ನಿಸಿತು ಅವನಿಗೆ. ಇಷ್ಟೊತ್ತು ಮಾತು ಹುಡುಕುತ್ತ ನಿಂತದ್ದೇ ದಡ್ಡತನ, ಮಾತು ಯಾವತ್ತು ಅವನ ಕೈ ಹಿಡಿದಿತ್ತು? ಕೈ ಕೆಲಸ ಕೈಯಲ್ಲೇ ತೋರಿಸಬೇಕು. “ಸಾರ್, ಇದನ್ನ ತೆಗೀತೀನಿ,” ಎಂದು ಹೊಸ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡ. “ಒಂದೇ ಹನಿ. ಈ ಅಕ್ಷರದ ಮೇಲೆ ಬಿಡ್ತೀನಿ. ನಿಮ್ಮ ಕಣ್ಣೆದುರಿಗೇ ಹೋಗುತ್ತೆ ನೋಡಿ.” ಜೇಬಿನಿಂದ ಬೀಗದ ಕೈ ತೆಗೆದು ಮುಚ್ಚಳದ ಅಂಚಿಗೆ ಸಿಕ್ಕಿಸಿದ. ವಕೀಲಮ್ಮನ ಮುಖ ಅರಳಿತು. ಗಡಿಯಾರ ನೋಡುವುದನ್ನು ಮರೆತು ಮುಂದಕ್ಕೆ ಬಾಗಿದರು. ಆಗ ಕಂಪನಿಯ ವಕೀಲನ ಹಿಂದೆ, ಇಷ್ಟೊತ್ತೂ ಗೋಡೆಯ ಹಾಗೆ ಕೂತಿದ್ದ ನರೆಗೂದಲಿನ ಮನುಷ್ಯ, ಕಂಪನಿಯ ಕೆಮಿಸ್ಟ್, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ. “ಏಯ್, ಬೇಡ ಬೇಡ! ಇಲ್ಲಿ ತೆಗೀಬೇಡ! ಎಲ್ಲ ಮುಚ್ಚಿದೆ ಇಲ್ಲಿ! ಇಂಥ ಕಡೆ ಅದನ್ನ ತೆಗೆಯೋದಾ? ತಲೆ ಸರಿ ಇದೆಯಾ ನಿಂಗೆ?” ಎರಡೂ ಕೈ ಮುಂದೆ ಚಾಚಿದ್ದ. ಅದು ನಟನೆಯಲ್ಲ, ಹೆದರಿಕೆ. ರಸ್ತೆಗೆ ಓಡುವ ಮಗುವನ್ನು ಕಂಡು ಕಿರುಚುವವರ ಹೆದರಿಕೆ. ಕಂಪನಿಯ ವಕೀಲ ನಿಧಾನವಾಗಿ ಹಿಂದೆ ತಿರುಗಿ ಕೆಮಿಸ್ಟ್‌ನನ್ನು ನೋಡಿದ. ಕೆಮಿಸ್ಟ್ ಕುರ್ಚಿ ಎಳೆದುಕೊಂಡು ಕೂತು ತನ್ನ ಬೂಟು ನೋಡತೊಡಗಿದ.

“ಬರ್ಕೊಳ್ಳಿ!” ಎಂದ ಅವನು. ಕೂಗಿಬಿಟ್ಟಿದ್ದ. “ಅವರು ಹೇಳಿದ್ದನ್ನ ಬರ್ಕೊಳ್ಳಿ! ಅವರಿಗೆ ಗೊತ್ತು ಸಾರ್, ನೋಡಿದ್ರಲ್ಲ, ಎಷ್ಟು ಚೆನ್ನಾಗಿ ಗೊತ್ತು! ಇಷ್ಟು ಜೋರಾಗಿ ಹೇಳೋ ವಿಷಯಾನ ಇಷ್ಟು ಸಣ್ಣಕ್ಕೆ ಯಾಕೆ ಬರೆದ್ರು ಕೇಳಿ ಸಾರ್!” “ಇದನ್ನ ದಾಖಲು ಮಾಡ್ಕೋಬೇಕು ಸಾರ್,” ಎಂದು ವಕೀಲಮ್ಮನೂ ಸೇರಿಸಿದರು. ಟೈಪು ಮಾಡುವವಳು ಬೆರಳು ಎತ್ತಿಕೊಂಡು ಅಧಿಕಾರಿಯ ಮುಖ ನೋಡಿದಳು. ಅಧಿಕಾರಿ ನಿಟ್ಟುಸಿರುಬಿಟ್ಟ. “ಏನಂತ ದಾಖಲು ಮಾಡೋದಮ್ಮ? ನನ್ನ ರೂಮಲ್ಲಿ ಡಬ್ಬ ತೆಗೀಬೇಡ ಅಂದ್ರು. ಒಳ್ಳೇದೇ ಮಾಡಿದ್ರು. ಅವರನ್ನ ಸಾಕ್ಷಿ ಅಂತ ಕರೆದಿಲ್ಲ, ಪ್ರಮಾಣ ಮಾಡಿಸಿಲ್ಲ. ಕೂತಲ್ಲಿ ಆಡಿದ್ದನ್ನೆಲ್ಲ ಬರ್ಕೊಳ್ತಾ ಹೋದ್ರೆ ನಾನು ಕೆಮ್ಮಿದ್ದನ್ನೂ ಬರ್ಕೋಬೇಕಾಗುತ್ತೆ.” ಮತ್ತೆ ನಗು. ಈ ಸಲ ಅಕ್ಕ ನಗಲಿಲ್ಲ. ಕಂಪನಿಯ ವಕೀಲ ಕೋಟಿನ ಗುಂಡಿ ಹಾಕಿಕೊಂಡು ಎದ್ದ. ಅವನ ಮುಖದಲ್ಲಿ ಹೊಸ ಬೆಳಕು ಬಂದಿತ್ತು. “ಸಾರ್, ನನ್ನ ಕೆಲಸವನ್ನ ಇವನೇ ಸುಲಭ ಮಾಡಿಕೊಟ್ಟ. ಈಗ ತಾನೇ ಇದೇ ಬಾಯಲ್ಲಿ ಓದಿದ, ಗಾಳಿಯಾಡೋ ಕಡೆ ಮಾತ್ರ ಬಳಸಿ ಅಂತ. ನೀವೂ ಕೇಳಿದ್ರಿ. ಓದಿ ಇನ್ನೂ ನಾಲಿಗೆ ಒಣಗಿಲ್ಲ, ಮುಚ್ಚಿದ ರೂಮಲ್ಲಿ, ನಮ್ಮೆಲ್ಲರ ನಡುವೆ, ಅದನ್ನ ತೆಗೆಯೋಕೆ ಹೊರಟ. ಬರೆದರೂ ಅಷ್ಟೇ, ಓದಿಸಿದರೂ ಅಷ್ಟೇ. ಇವರು ಹೀಗೇ ಸಾರ್. ಇನ್ನು ಕಂಪನಿ ಏನು ಮಾಡ್ಬೇಕು?”

ಬೀಗದ ಕೈ ಇನ್ನೂ ಮುಚ್ಚಳದ ಸಂದಿಯಲ್ಲಿತ್ತು. ಜವಾನ ಬಂದು ಅದನ್ನು ಬಿಡಿಸಿ ಅವನ ಕೈಗೆ ಕೊಟ್ಟು, ಹೊಸ ಡಬ್ಬವನ್ನು ಅಧಿಕಾರಿಯ ಪಕ್ಕಕ್ಕೆ ಸರಿಸಿದ. ಅವನಿಗೆ ಹೇಳಲು ಬೇಕಾದಷ್ಟು ಇತ್ತು. ಒಂದು ಹನಿಗೂ ಇಡೀ ಬೀರಿಗೂ ವ್ಯತ್ಯಾಸ ಇಲ್ಲವೇ ಎಂದು ಕೇಳಬಹುದಿತ್ತು. ಕಿಟಕಿ ತೆಗೆಸಿ, ಈಗಲೂ ತೋರಿಸುತ್ತೇನೆ ಅನ್ನಬಹುದಿತ್ತು. ಆದರೆ ಎಚ್ಚರಿಕೆ ಓದಿದ ಮೇಲೂ ಅವನು ಕಿಟಕಿಯ ಕಡೆ ನೋಡಿರಲಿಲ್ಲ ಎನ್ನುವುದು ನಿಜ. ನೋಡಬೇಕು ಅನ್ನಿಸಿರಲೇ ಇಲ್ಲ. ರಿಮೂವರು ಅಂದರೆ ಮುಚ್ಚಿದ ಕೋಣೆ, ಕೈಗೆ ಹಾಗೆಯೇ ಅಭ್ಯಾಸ. ಆ ವಕೀಲ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವಾಗಿಬಿಟ್ಟಿತ್ತು. “ಕೊನೇ ಪ್ರಶ್ನೆ,” ಎಂದ ವಕೀಲ. “ಅವತ್ತು ಕಿಟಕಿ ಮುಚ್ಚಿದ್ದು ಯಾರು?” “ಕೆಲಸ ಹಾಗೇ ಸಾರ್, ಗಾಳಿ ಬಂದ್ರೆ...” “ಕೆಲಸ ಹೇಗೆ ಅಂತ ಕೇಳ್ಲಿಲ್ಲ. ಯಾರು?” “ಭಾವ ಮುಚ್ಚು ಅಂದ್ರು.” “ಮುಚ್ಚಿದ್ದು?” ಅಕ್ಕ ಬೆಂಚಿನಿಂದ ಅವನನ್ನೇ ನೋಡುತ್ತಿದ್ದಳು. ಇದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ, ಮನೆಯಲ್ಲಿ ಎಷ್ಟೋ ಸಲ ಹೇಳಿದ್ದ, ಹೇಳಿ ಅತ್ತಿದ್ದ. ‘ನೀನೇನು ಮಾಡ್ತೀಯೋ, ನಂಗೆ ಹೇಳಿದ್ರೆ ನಾನೂ ಮುಚ್ತಿದ್ದೆ,’ ಎಂದಿದ್ದಳು ಅಕ್ಕ. ಆದರೆ ಮನೆಯಲ್ಲಿ ಹೇಳುವುದು ಬೇರೆ. “ನಾನು,” ಎಂದ. ಟೈಪು ಮಾಡುವವಳ ಬೆರಳುಗಳು ಚುರುಕಾದವು. ಅಧಿಕಾರಿ ಸಮಾಧಾನದಿಂದ ಬಿಡಿಬಿಡಿಯಾಗಿ ಹೇಳಿ ಬರೆಸಿದ: “ಮೃತರ ಸೂಚನೆಯಂತೆ... ಕಿಟಕಿಯನ್ನು... ತಾನೇ ಮುಚ್ಚಿದ್ದಾಗಿ... ಸಾಕ್ಷಿಯು ಒಪ್ಪಿರುತ್ತಾನೆ.” ಬೆಳಿಗ್ಗೆಯಿಂದ ಅವನು ಆಡಿದ ಮಾತುಗಳಲ್ಲಿ ಪೂರ್ತಿಯಾಗಿ ಕಾಗದಕ್ಕೆ ಇಳಿದದ್ದು ಇದೊಂದೇ. ಓದಿ ಸಹಿ ಹಾಕು ಎಂದು ಮುಂದೆ ಹಿಡಿದರು. ಓದಿದ. ಒಂದು ಅಕ್ಷರವೂ ತಡವರಿಸಲಿಲ್ಲ. ಸಹಿ ಹಾಕಿದ.

ಕಾರಿಡಾರಿಗೆ ಬಂದಾಗ ವಕೀಲಮ್ಮ ಅವನ ಕೈ ಹಿಡಿದು, “ತೀರ್ಪು ಆಮೇಲೆ ಕಳಿಸ್ತಾರೆ. ನೋಡೋಣ. ಮೇಲೆ ಇನ್ನೂ ಕೋರ್ಟಿದೆ,” ಎಂದು ಕೆಳಗಿನ ಮಹಡಿಗೆ ಓಡಿದರು. ಅವರ ಕೈ ತಣ್ಣಗಿತ್ತು. ಅಕ್ಕ ಮುಖವಿಲ್ಲದ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. “ನಾನು ನಗಬಾರ್ದಿತ್ತು ಕಣೋ,” ಎಂದಳು. “ಬಿಡಕ್ಕ.” “ಏನಂದ್ರು ಅಂತ ಕೇಳಿಸ್ಲಿಲ್ಲ. ಏನೋ ತಮಾಷೆ ಮಾಡಿದ್ರು ಅಂದ್ಕೊಂಡೆ.” “ತಮಾಷೇನೇ ಮಾಡಿದ್ದು.” ಕಾರಿಡಾರಿನ ಕಿಟಕಿಗಳಿಗೆ ಚೌಕಟ್ಟು ಸಮೇತ ಬಣ್ಣ ಬಳಿದು ಬಳಿದು ಅವು ತೆಗೆಯಲು ಬಾರದ ಹಾಗೆ ಅಂಟಿಕೊಂಡಿದ್ದವು. ಇದನ್ನು ಕೀಳಬೇಕೆಂದರೆ ಎಷ್ಟು ಬೇಕಾಗುತ್ತದೆ ಎಂದು ಅವನ ಕಣ್ಣು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿತು. ನಾಳೆ ಕೆಲಸ ಇತ್ತು. ಮಾಲೀಕ ಒಂದು ಮನೆಯ ಮೆಟ್ಟಿಲ ಕಟಕಟೆ ಒಪ್ಪಿಕೊಂಡಿದ್ದಾನೆ, ಸಾಮಾನೆಲ್ಲ ತಂದಿಟ್ಟಿದ್ದಾನೆ. ಭಾವ ಹೋದ ಮೇಲೆ ಈಗ ತಾನೇ ದೊಡ್ಡ ಕೆಲಸಗಾರ. ಭಾವನ ಪಟ್ಟಿ ಅವನ ಚೀಲದಲ್ಲೇ ಇದೆ. ತೀರ್ಪಿನಲ್ಲಿ ಏನು ಬರೆದು ಬರುತ್ತದೆಂದು ಅವನಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಹಿಂದಿನಿಂದ ಬೂಟಿನ ಸದ್ದು ಬಂತು. ಕೆಮಿಸ್ಟ್. ಅವನು ಒಮ್ಮೆ ಕೋಣೆಯ ಬಾಗಿಲ ಕಡೆ ನೋಡಿ, ಹತ್ತಿರ ಬಂದು ತಮ್ಮನ ಭುಜದ ಮೇಲೆ ಕೈ ಇಟ್ಟ. ಒಳ್ಳೆಯ ಮನುಷ್ಯನ ಕೈ ಹಾಗೆಯೇ ಇರುತ್ತದೆ, ಭಾರ ಹಾಕದೆ, ಬೆಚ್ಚಗೆ. “ನೋಡಪ್ಪ, ನೀನಿನ್ನೂ ಚಿಕ್ಕವನು,” ಎಂದ ಮೆತ್ತಗೆ. “ನನ್ನ ಮಗನ ವಯಸ್ಸು. ಹೇಳ್ತೀನಿ ಕೇಳು. ಇನ್ನು ಮೇಲೆ ಕಿಟಕಿ ಬಾಗಿಲು ಎಲ್ಲ ತೆಗೆದಿಟ್ಟು ಕೆಲಸ ಮಾಡು. ಒಣಗಿದ್ರೆ ಒಣಗ್ಲಿ, ಇನ್ನೊಂದ್ಸಲ ಹಚ್ಚು. ಕೆಳಗೆ ಕೂತು ಮಾತ್ರ ಮಾಡ್ಬೇಡ. ಅದು ಗಾಳಿಗಿಂತ ಭಾರ, ನೀರಿನ ಹಾಗೆ ಕೆಳಗೆ ತುಂಬ್ಕೊಳ್ಳುತ್ತೆ, ಬೀರು ಗೀರು ಅಂದ್ರೆ ತೊಟ್ಟಿ ಇದ್ದ ಹಾಗೆ. ವಾಸನೆ ಬರ್ತಿಲ್ಲ ಅಂದ್ರೆ ಅದು ಹೋಯ್ತು ಅಂತ ಅಲ್ಲ, ಮೂಗಿಗೆ ಗೊತ್ತಾಗೋದು ನಿಂತಿದೆ ಅಂತ. ತಲೆ ಹಗುರ ಆದ್ರೆ ಎಲ್ಲ ಬಿಟ್ಟು ಆಚೆ ಬಾ.” ಹೇಳಿ ಮುಗಿಸಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅಕ್ಕ ಗೋಡೆಯಿಂದ ಸರಿದು ಮುಂದೆ ಬಂದಿದ್ದಳು. “ಇಷ್ಟೇನಾ ಸಾರ್?” ಎಂದಳು. ಕೆಮಿಸ್ಟ್‌ಗೆ ಅರ್ಥವಾಗಲಿಲ್ಲ. “ಇಷ್ಟೇನಾ ಇದ್ದಿದ್ದು ಹೇಳೋಕೆ? ಇಷ್ಟನ್ನ ಯಾರಾದ್ರೂ ಅವರಿಗೆ ಹೇಳಿದ್ರೆ ಕೇಳ್ತಿದ್ರು ಸಾರ್. ಅವರು ಹೇಳಿದ ಮಾತು ಕೇಳೋರು.” ಕೆಮಿಸ್ಟ್ ಭುಜದ ಮೇಲಿನ ಕೈ ತೆಗೆದ. ಎಲ್ಲಿಡಬೇಕೆಂದು ಗೊತ್ತಾಗದೆ ಕನ್ನಡಕಕ್ಕೆ ಮುಟ್ಟಿಸಿ, ಜೇಬಿಗೆ ಹಾಕಿಕೊಂಡ. “ನಾನು ಹೇಳಿದೆ ಅಂತ ಎಲ್ಲೂ ಹೇಳೋಕೆ ಹೋಗ್ಬೇಡಿಮ್ಮ,” ಎಂದ. ಆಮೇಲೆ ಅವನ ಕಡೆ ತಿರುಗಿ, “ಗೊತ್ತಾಯ್ತೇನಪ್ಪ?” ಎಂದ.

ಅವನು ಅಕ್ಕನ ಕೈಯಿಂದ ಚೀಲ ತೆಗೆದುಕೊಂಡ. ಡಬ್ಬ ಖಾಲಿಯಿತ್ತು, ಆದರೂ ಕೈ ಜಗ್ಗಿತು. “ಕಿಟಕಿ ತೆಗೆದಿಟ್ಕೋ, ಮರೀಬೇಡ. ಏನಪ್ಪ, ಕೇಳಿಸ್ತಾ?” ಎಂದು ಹಿಂದಿನಿಂದ ಕೆಮಿಸ್ಟ್ ಕೇಳುತ್ತಿದ್ದ, ದನಿಯಲ್ಲಿ ನಿಜವಾದ ಕಳಕಳಿ ಇತ್ತು. ಕೇಳಿಸಿತ್ತು. ಅವನು ತಿರುಗಲಿಲ್ಲ. ಮೆಟ್ಟಿಲ ಕಟಕಟೆಯ ಮೇಲೆ ಕೈ ಇಟ್ಟು, ಬೆರಳಿಗೆ ಸಿಕ್ಕ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕಿತ್ತು, ಇಳಿಯುತ್ತ ಹೋದ.